ನಕ್ಷತ್ರದ ಚೀಟಿ, ಕಾದ ಮಾಳಿಗೆ

ಏಪ್ರಿಲ್ ಬಂತೆಂದರೆ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರವೇ ತನ್ನ ಗಡಿಯಾರ ಬದಲಿಸಿಕೊಳ್ಳುವ ಸೀಮೆ ಇದು. ಅದೇ ದಿನಗಳಲ್ಲಿ ಎಸಿ ಮಾರುವ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಂದವರು ಕೇಳುವುದು ಎರಡೇ ಮಾತು: ಎಷ್ಟು ಟನ್, ಎಷ್ಟು ಸ್ಟಾರ್? ನಾನೂ ಒಂದು ಬೇಸಿಗೆಯಲ್ಲಿ ಹಾಗೇ ಕೇಳಿ, ಐದು ಸ್ಟಾರಿನ ಒಂದೂವರೆ ಟನ್ ಯಂತ್ರ ಮನೆಗೆ ತಂದೆ. ಅದರ ಮೇಲೆ ಅಂಟಿಸಿದ್ದ ಚೀಟಿಯನ್ನು ಪೂರ್ತಿ ಓದಿದ್ದು ಎರಡು ಬೇಸಿಗೆ ಕಳೆದ ಮೇಲೆ. ಸಾಲ ಮಾಡಿಯಾದರೂ ಎಸಿ ಕೊಳ್ಳುವ ಮನೆಗಳು ಆ ಅಂಗೈಯಗಲದ ಬರಹವನ್ನು ನಂಬಿ ದುಡ್ಡು ಎಣಿಸುತ್ತವೆ. ಪುಸ್ತಕವೊಂದನ್ನು ತೂಗಿ ನೋಡುವ ಹಾಗೆ ಅದನ್ನೂ ತೂಗಿ ನೋಡಬೇಕು.

ಮೊದಲು ಅದರ ಹಿರಿಮೆ ಹೇಳುತ್ತೇನೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಿಂದ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. 2006ರಲ್ಲಿ ಈ ಸ್ಟಾರ್ ಚೀಟಿಯ ಯೋಜನೆ ಶುರುವಾಯಿತು. ಅದಕ್ಕೂ ಮುಂಚೆ ಯಾವ ಯಂತ್ರ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ತಿಳಿಯಲು ಅಂಗಡಿಯವನ ಬಾಯಿಮಾತು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಈ ಚೀಟಿಯಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ನಿಷ್ಠುರತೆ. 2018ರಲ್ಲಿ ದಕ್ಷತೆಯ ಅಂಕ 4.50 ಮುಟ್ಟಿದ ಸ್ಪ್ಲಿಟ್ ಎಸಿಗೆ ಐದು ಸ್ಟಾರ್ ಸಿಗುತ್ತಿತ್ತು. 2022ರ ಜುಲೈಯಲ್ಲಿ ಅಂಚನ್ನು 5.00ಕ್ಕೆ ಏರಿಸಿದರು, ನಿನ್ನೆಯ ಐದು ಸ್ಟಾರ್ ಇವತ್ತು ನಾಲ್ಕಾಯಿತು. ತಯಾರಕರನ್ನು ನಿಂತಲ್ಲಿ ನಿಲ್ಲಗೊಡದ ಈ ಕ್ರಮ ದೊಡ್ಡ ಕೆಲಸ ಮಾಡಿದೆ. ಆದ್ದರಿಂದ ಕೊಳ್ಳುವವರು ನಕ್ಷತ್ರ ಎಣಿಸಿ ಬಿಡಬಾರದು. ಅದೇ ಚೀಟಿಯಲ್ಲಿ ಐಎಸ್‌ಇಇಆರ್ ಎಂಬ ಅಂಕ ಇರುತ್ತದೆ, ಚೀಟಿ ಯಾವ ಅವಧಿಗೆ ಸೇರಿದ್ದು ಎಂಬುದೂ ಇರುತ್ತದೆ. ಗೋದಾಮಿನಲ್ಲಿ ಉಳಿದ ಹಳೆಯ ಮಾಲು ಬಯಲಾಗುವುದು ಅಲ್ಲೇ.

ಇನ್ನು ಕೊರತೆ. ಒಂದು ವರ್ಷದಲ್ಲಿ ಯಂತ್ರ ಹೊರಹಾಕಿದ ಶಾಖವನ್ನು ಅದಕ್ಕೆ ತಗುಲಿದ ಕರೆಂಟಿನಿಂದ ಭಾಗಿಸಿದರೆ ಆ ಅಂಕ ಬರುತ್ತದೆ. ವರ್ಷ ಎಂದರೆ ಇಲ್ಲಿ 1600 ಗಂಟೆ. ಹೊರಗಿನ ಬಿಸಿ 24ರಿಂದ 43 ಡಿಗ್ರಿವರೆಗೆ ಹಂಚಿದ ಲೆಕ್ಕ. ಇಡೀ ದೇಶಕ್ಕೆ ಇದೊಂದೇ. ಕಲಬುರಗಿಗೂ ಬೆಂಗಳೂರಿಗೂ ಮಂಗಳೂರಿಗೂ ಒಂದೇ 1600 ಗಂಟೆ! ಮೂರು ಸ್ಟಾರಿನ ಯಂತ್ರ ಈ ಲೆಕ್ಕದಲ್ಲಿ ವರ್ಷಕ್ಕೆ 1000 ಯೂನಿಟ್ ಉರಿಸುತ್ತದೆ ಎಂದಿಟ್ಟುಕೊಳ್ಳಿ. 2022ರ ಅಂಚಿನಂತೆ ಅದರ ಅಂಕ 3.80, ಐದು ಸ್ಟಾರಿನದು 5.00 ಆದರೆ ಅಷ್ಟೇ ತಂಪಿಗೆ ಐದು ಸ್ಟಾರಿಗೆ 760 ಯೂನಿಟ್ ಸಾಕು. ಉಳಿತಾಯ 240 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯಂತೆ 1440 ರೂಪಾಯಿ. ಐದು ಸ್ಟಾರಿಗೆ ಹತ್ತು ಸಾವಿರ ಹೆಚ್ಚು ಕೊಟ್ಟಿದ್ದರೆ ಏಳು ವರ್ಷಕ್ಕೆ ವಸೂಲಿ. ಆದರೆ ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ನಾಲ್ಕು ಗಂಟೆ ಮಾತ್ರ ಎಸಿ ಹಾಕುವ ಮನೆಗೆ ವರ್ಷಕ್ಕೆ ಆಗುವುದು 240 ಗಂಟೆ. ಅಲ್ಲಿ ಉಳಿಯುವುದು 36 ಯೂನಿಟ್. ಹತ್ತು ಸಾವಿರ ವಾಪಸಾಗಲು ನಲವತ್ತು ವರ್ಷ ದಾಟುತ್ತದೆ. ಅಷ್ಟು ಕಾಲ ಯಾವ ಎಸಿಯೂ ಬಾಳುವುದಿಲ್ಲ. ಆ ಮನೆಗೆ ಮೂರು ಸ್ಟಾರೇ ಜಾಣತನ. ಇದನ್ನು ಚೀಟಿ ಹೇಳುವುದಿಲ್ಲ.

ಮಂಗಳೂರಿನವರ ತೊಂದರೆ ಬೇರೆ. ಯಂತ್ರ ಪರೀಕ್ಷಿಸುವ ಕೋಣೆಯಲ್ಲಿ ಗಾಳಿ 27 ಡಿಗ್ರಿ, ತೇವಾಂಶ ಅರ್ಧಕ್ಕಿಂತ ಒಂಚೂರು ಕಡಿಮೆ. ಮೇ ತಿಂಗಳ ಕರಾವಳಿಯ ಮನೆಯಲ್ಲಿ ಅಂಥ ಒಣಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯ ನೀರನ್ನು ಹಿಂಡಲಿಕ್ಕೇ ಹೋಗುತ್ತದೆ. ನಮ್ಮ ಒಣ ಸೀಮೆಯಲ್ಲಿ ಹುಲ್ಲಿನ ಪ್ಯಾಡಿಗೆ ನೀರು ಹನಿಸುವ ಕೂಲರ್ ಎಸಿಯ ಕರೆಂಟಿನ ಚೂರುಪಾರಿನಲ್ಲೇ ಕೋಣೆ ತಣಿಸುತ್ತದೆ. ಅದನ್ನೇ ಮಂಗಳೂರಿಗೆ ಒಯ್ದರೆ ಸೆಕೆಯ ಮೇಲೆ ಸೆಕೆ. ಊರು ಬದಲಾದರೆ ಉತ್ತರವೇ ಬದಲಾಗುತ್ತದೆ. ಬ್ಯೂರೋಗೆ ಇದು ಗೊತ್ತಿಲ್ಲ ಎನ್ನುವಂತಿಲ್ಲ. ಅದೇ ಬ್ಯೂರೋ ಮನೆ ಕಟ್ಟುವವರಿಗೆಂದು 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ ವಲಯ, ಮಂಗಳೂರು ಬಿಸಿ ಮತ್ತು ತೇವದ ವಲಯ. ಗೋಡೆಗೆ, ಕಿಟಕಿಗೆ ಐದು ವಲಯ ಇರುವಾಗ ಎಸಿಗೆ ಒಂದೇ ದೇಶ ಏಕೆ?

ನನ್ನ ಮನೆಯ ಮಾತಿಗೆ ಬರುತ್ತೇನೆ. ಐದು ಸ್ಟಾರ್ ತಂದ ಮೇಲೂ ಮೇ ತಿಂಗಳ ಬಿಲ್ಲು ಇಳಿಯಲಿಲ್ಲ. ರಾತ್ರಿ ಹನ್ನೊಂದಕ್ಕೂ ಯಂತ್ರಕ್ಕೆ ಬಿಡುವಿಲ್ಲ. ಮಂಚದ ಮೇಲೆ ನಿಂತು ಚಾವಣಿಗೆ ಕೈ ಹಚ್ಚಿದಾಗ ಕಾರಣ ಸಿಕ್ಕಿತು: ರೊಟ್ಟಿ ತೆಗೆದಿಟ್ಟ ಹಂಚಿನ ಹಾಗೆ ಇನ್ನೂ ಬೆಚ್ಚಗಿತ್ತು. ಐದಿಂಚಿನ ಆರ್‌ಸಿಸಿ ಸ್ಲ್ಯಾಬು ದಿನವಿಡೀ ಬಿಸಿಲು ಕುಡಿದು ರಾತ್ರಿಯಿಡೀ ಕೋಣೆಯೊಳಕ್ಕೆ ಉಗುಳುತ್ತದೆ. ನಾನು ದುಡ್ಡು ಕೊಟ್ಟು ತಣಿಸುತ್ತಿದ್ದದ್ದು ಕೋಣೆಯ ಗಾಳಿಯನ್ನಲ್ಲ, ಆ ಸ್ಲ್ಯಾಬನ್ನು. ನಮ್ಮ ಅಜ್ಜನ ಮನೆಗೆ ತೊಲೆ, ಜಂತಿ ಹೂಡಿ ಮೇಲೆ ಗೇಣಿಗೂ ಮಿಕ್ಕಿ ಮಣ್ಣು ಹಾಕಿದ ಮಾಳಿಗೆ ಇತ್ತು. ಎರಡು ಮೊಳದ ಗೋಡೆ, ತಲೆಯ ಮೇಲೆ ಬೆಳಕಿಂಡಿ. ಉರಿಬಿಸಿಲಿನಲ್ಲಿ ಹೊರಗಿನಿಂದ ಬಂದವರು ಪಡಸಾಲೆಯಲ್ಲಿ ಅಂಗಿ ಕಳಚಿ ಹಾಗೇ ನೆಲಕ್ಕೆ ಒರಗುತ್ತಿದ್ದರು. ಆ ಮನೆಗೆ ಹಿಂದಿರುಗಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ಮಳೆಗಾಲಕ್ಕೂ ಮುಂಚೆ ಮಾಳಿಗೆಗೆ ಮಣ್ಣು ಹೊತ್ತು ಅವ್ವನ ಸೊಂಟ ಬಿದ್ದಿದ್ದನ್ನು ಕಂಡವನು ನಾನು. ಆದರೆ ಆ ಮಣ್ಣು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕಲ್ಲವೇ? ಇಕೋ ನಿವಾಸ್ ಸಂಹಿತೆ ಚಾವಣಿ ದಾಟಿ ಬರುವ ಶಾಖಕ್ಕೂ ಮಿತಿ ಹಾಕಿದೆ. ಬರೀ ಸ್ಲ್ಯಾಬು ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ದೊಡ್ಡ ನಿವೇಶನಗಳ ಕಟ್ಟಡಗಳಿಗೆಂದು ಬರೆದ ಸಂಹಿತೆ ಮೂವತ್ತು-ನಲವತ್ತರ ಸೈಟಿನ ಮನೆಯನ್ನು ಕೇಳುವುದೂ ಇಲ್ಲ.

ಮುಂದಿನ ಫೆಬ್ರವರಿಯಲ್ಲಿ ಮಾಳಿಗೆ ಗುಡಿಸಿ, ತೊಳೆದು, ಸುಣ್ಣಕ್ಕೆ ಫೆವಿಕಾಲ್ ಕಲಸಿ ಎರಡು ಕೈ ಬಳಿಸಿದೆ. ಬರಿಗಾಲಲ್ಲಿ ಹೆಜ್ಜೆ ಇಡಲಾಗದ ಕಡೆ ಆ ವರ್ಷ ಮಧ್ಯಾಹ್ನವೇ ಹಪ್ಪಳ ಒಣಹಾಕಿದರು. ರಾತ್ರಿ ಯಂತ್ರ ಅರ್ಧ ಗಂಟೆಯಲ್ಲಿ ಸದ್ದು ತಗ್ಗಿಸತೊಡಗಿತು. ಸುಣ್ಣ ಒಂದೆರಡು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಮತ್ತೆ ಬಳಿಯಬೇಕು, ನಿಜ. ಆದರೂ ಐದು ಸ್ಟಾರಿಗೆ ಕೊಟ್ಟ ಹೆಚ್ಚಿನ ದುಡ್ಡಿಗಿಂತ ಈ ಸುಣ್ಣದ ದುಡ್ಡು ನನಗೆ ಹೆಚ್ಚು ತಂಪು ಕೊಟ್ಟಿದೆ.

ಫ್ಯಾನಿನದೂ ಇದೇ ಕಥೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು ಸುಮಾರು 30. ದಿನಕ್ಕೆ ಹನ್ನೆರಡು ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಒಂದೊಂದು ಫ್ಯಾನಿಗೆ 162 ಯೂನಿಟ್ ಉಳಿಯುತ್ತದೆ. ಎರಡು ಫ್ಯಾನು ಬದಲಿಸಿದರೆ ಸಾಕು, ಮೂರು ಸ್ಟಾರಿನಿಂದ ಐದಕ್ಕೆ ಹಾರಿದ ಲಾಭವನ್ನು ಮೀರುತ್ತದೆ. ಫ್ಯಾನಿಗೆ ಸ್ಟಾರ್ ಚೀಟಿ ಕಡ್ಡಾಯವಾಗಿದ್ದು 2023ರ ಜನವರಿಯಲ್ಲಿ, ಎಸಿಗೆ ಆಗಿ ಹದಿಮೂರು ವರ್ಷದ ಮೇಲೆ. ಎಸಿ ಇಲ್ಲದ ಮನೆಯಲ್ಲೂ ಫ್ಯಾನು ಇರುತ್ತದೆ. ಈ ತಡವನ್ನು ನಾನು ತಪ್ಪೆಂದೇ ಕರೆಯುತ್ತೇನೆ.

ಕೊಂಡ ಮೇಲಿನ ಜೋಪಾನದ ಬಗ್ಗೆ ಚೀಟಿಯಲ್ಲಿ ಚಕಾರವಿಲ್ಲ. ನಮ್ಮಲ್ಲಿಗೆ ಬಂದ ಸರ್ವಿಸ್ ಹುಡುಗ ಸತತ ಎರಡು ವರ್ಷ “ಗ್ಯಾಸ್ ಕಮ್ಮಿ ಆಗ್ಯಾದ್ರಿ ಸರ್, ತುಂಬಸ್ಬೇಕ್ರಿ” ಎಂದು ದುಡ್ಡು ಪಡೆದ. ಎಸಿಯ ಗ್ಯಾಸು ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಮೂರನೆಯ ವರ್ಷ ಬೇರೊಬ್ಬರು ಬಂದು ಕೊಳವೆಯ ಜೋಡಣೆಗೆ ಸೋಪಿನ ನೊರೆ ಹಚ್ಚಿದರು, ಗುಳ್ಳೆ ಎದ್ದವು. ಬಿಗಿ ಮಾಡಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಗ್ಯಾಸ್ ತುಂಬಿದ ಮೇಲೆ ಇಂದಿಗೂ ಆ ಮಾತು ಎದ್ದಿಲ್ಲ. ನನ್ನ ಯಂತ್ರದಲ್ಲಿರುವ ಆರ್-32 ಗ್ಯಾಸು ಗಾಳಿಗೆ ಸೇರಿದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು ಭೂಮಿಯನ್ನು ಕಾಯಿಸಬಲ್ಲದು. ಎರಡು ವರ್ಷ ಸೋರಿದ್ದು ನನ್ನ ಜೇಬಷ್ಟೇ ಅಲ್ಲ. ಇನ್ನು ಫಿಲ್ಟರ್. ನಮ್ಮೂರಿನ ಧೂಳಿಗೆ ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಕು. ಅದು ಕಟ್ಟಿಕೊಂಡರೆ ಐದು ಸ್ಟಾರಿನ ಯಂತ್ರವೂ ಏದುಸಿರು ಬಿಡುತ್ತದೆ.

ಚೀಟಿ ಯಂತ್ರದ ಬಗ್ಗೆ ಹೇಳಿದ್ದು ಸತ್ಯ, ಮನೆಯ ಬಗ್ಗೆ ಅದು ಏನೂ ಹೇಳಿಲ್ಲ. ನನ್ನ ಚೀಟಿಯಲ್ಲಿ ಒಂದಕ್ಷರ ಕನ್ನಡವೂ ಇಲ್ಲ. ಬ್ಯೂರೋ ಐದು ವಲಯಕ್ಕೆ ಐದು ಯೂನಿಟ್ ಸಂಖ್ಯೆ ಅಚ್ಚು ಹಾಕಲಿ, ಆಯಾ ರಾಜ್ಯದ ಭಾಷೆಯಲ್ಲಿ ಹಾಕಲಿ. ಅದಾಗುವ ತನಕ, ಎಸಿ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಹಿಂದಿನ ರಾತ್ರಿ ಹನ್ನೊಂದಕ್ಕೆ ತಮ್ಮ ಕೋಣೆಯ ಚಾವಣಿಗೊಮ್ಮೆ ಕೈ ಹಚ್ಚಿ ನೋಡಿ.