'ದ್ವೀಪ'ದ ಬಾಳು ಯಾರ ಬಲದ ಮೇಲೆ?

ಕಲಘಟಗಿ ತಾಲೂಕಿನ ದುಮ್ಮವಾಡದ ಬಳಿ ನೀರಸಾಗರವೆಂಬ ಕೆರೆಯಿದೆ. ಹುಬ್ಬಳ್ಳಿಯ ಬಾಯಾರಿಕೆಗೆಂದು ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ 1950ರ ದಶಕದಲ್ಲಿ ಕಟ್ಟಿದ್ದು. ಆ ಒಡ್ಡಿನ ಮೇಲೆ ನಿಂತವರಿಗೆ ಹುಬ್ಬಳ್ಳಿಯ ನೆನಪಾಗದೆ ಇರದು; ಹುಬ್ಬಳ್ಳಿಯಲ್ಲಿ ನಳದ ಕೆಳಗೆ ಕೊಡವಿಟ್ಟವರಿಗೆ ದುಮ್ಮವಾಡದ ನೆನಪು ಆದೀತೆಂದು ಹೇಳಲಾರೆವು. ನೀರು ನಿಂತ ಊರಿಗೂ ಅದನ್ನು ಬಳಸುವ ಊರಿಗೂ ನಡುವಿನ ಈ ಮರೆವನ್ನು ವಸ್ತುವಾಗಿ ಹಿಡಿದ ಕೃತಿಗಳು ನಮ್ಮಲ್ಲಿ ಹೆಚ್ಚಿಲ್ಲ. ಇರುವ ಕೆಲವುಗಳಲ್ಲಿ ನಾ. ಡಿ'ಸೋಜಾ ಅವರ 'ದ್ವೀಪ'ಕ್ಕೆ ಮುಖ್ಯ ಸ್ಥಾನ ಸಲ್ಲಬೇಕು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಕೃತಿಯನ್ನು ಮತ್ತೊಮ್ಮೆ ತೂಗಿ ನೋಡುವುದು ಉಚಿತ.

ಡಿ'ಸೋಜಾ ಅವರು ಸಾಗರದವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ತೋಟ, ಗದ್ದೆ, ಗುಡಿಗಳ ಮೇಲೆ ನೀರು ಬಂದಿತು. ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ನಾಡಿಗೆ ದೀಪ ಹತ್ತಿತು. ಈ ಕಥೆಯನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲವೂ ಸಂದಿತು. ನಮ್ಮ ಮಾತು ಮುಖ್ಯವಾಗಿ ಈ ಚಿತ್ರವನ್ನು ಕುರಿತದ್ದು.

ಸೀತಾಪರ್ವತದ ಪೂಜಾರಿ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಊರವರೆಲ್ಲ ಪರಿಹಾರ ಪಡೆದು ಹೊರಟರೂ ಇವರ ಬೇರು ಅಲ್ಲಿಂದ ಕೀಳದು. ಜಮೀನಿಗೆ ಸರಕಾರ ಬೆಲೆ ಕಟ್ಟೀತು. ತಲೆಮಾರುಗಳಿಂದ ಪೂಜೆ ಮಾಡಿ ಗಳಿಸಿದ ಮರ್ಯಾದೆಗೆ ಬೆಲೆ ಕಟ್ಟುವವರು ಯಾರು? ಹೀಗೆ ಸುತ್ತ ನೀರು, ನಡುವೆ ಒಂದು ಮನೆ.

ಚಿತ್ರವನ್ನು ನೋಡಿದ ಪಟ್ಟಣಿಗರಿಗೆ ಒಂದು ಮೆಚ್ಚುಗೆ ತಾನಾಗಿ ಮೂಡಬಹುದು: ಯಾರ ಹಂಗೂ ಇಲ್ಲದೆ ತಮ್ಮ ಬೆಳೆ, ತಮ್ಮ ದನ, ತಮ್ಮ ಒಲೆ ಎಂದು ಬದುಕುವುದು ಎಷ್ಟು ದೊಡ್ಡದು! ಈ ಮೆಚ್ಚುಗೆಯನ್ನು ನಾವು ಒಪ್ಪಲಾರೆವು. ಚಿತ್ರವೂ ಒಪ್ಪುವುದಿಲ್ಲ, ಅದರ ಹಿರಿಮೆ ಇರುವುದೇ ಅಲ್ಲಿ. ದುಗ್ಗಜ್ಜನ ಪೂಜಾರಿಕೆಗೆ ಭಕ್ತರು ಬೇಕು. ಭಕ್ತರು ಚದುರಿದರೆ ದೇವರು ಉಳಿದರೂ ಪೂಜಾರಿ ಉಳಿಯುವುದಿಲ್ಲ. ಗಣಪನಿಗೆ ಕೈನೆರವು ಬೇಕು. ನಾಗಿಯ ತವರಿನ ಕಡೆಯಿಂದ ಕೃಷ್ಣ ಬಂದರೆ ಮನೆಗೆ ಜೀವ ಬರುತ್ತದೆ, ಗಣಪನ ಎದೆಯಲ್ಲಿ ಸಂಶಯವೂ ಹುಟ್ಟುತ್ತದೆ. ಮೂವರೇ ಇರುವ ಕಡೆ ನಾಲ್ಕನೆಯವನು ನೆರವೂ ಹೌದು, ಹೊರೆಯೂ ಹೌದು. ನೂರು ಮನೆಯ ಊರಿನಲ್ಲಿ ಕರಗಿಹೋಗುವ ಅಸೂಯೆ ದ್ವೀಪದಲ್ಲಿ ಗೋಡೆಯಾಗಿ ನಿಲ್ಲುತ್ತದೆ.

ಹಾಗಾದರೆ ಆ ಬಾಳು ನಿಂತದ್ದು ಯಾರ ಬಲದ ಮೇಲೆ? ನಾಗಿಯ ಮೈದುಡಿಮೆಯ ಮೇಲೆ, ಅವಳ ಎಚ್ಚರದ ಮೇಲೆ. ಮಳೆ, ಕತ್ತಲೆ, ಕಾಡುಮೃಗದ ಭಯ ಎಲ್ಲವನ್ನೂ ಎದುರಿಸಿ ಅವಳು ಮನೆಯನ್ನು ಉಳಿಸಿಕೊಳ್ಳುತ್ತಾಳೆ. ಕೊನೆಗೆ ಗಣಪನ ಬಾಯಲ್ಲಿ ಬರುವುದು ದೇವರ ದಯೆಯ ಮಾತು. ಅವಳ ದುಡಿಮೆಗೆ ಅಲ್ಲಿ ಲೆಕ್ಕವೇ ಇಲ್ಲ. ಆ ಗಳಿಗೆಯ ನಾಗಿಯನ್ನು ಸೌಂದರ್ಯ ಅವರು ನಟಿಸಿದ ರೀತಿ ಮರೆಯತಕ್ಕದ್ದಲ್ಲ. ನಾಡು ದುಮ್ಮವಾಡವನ್ನು ಮರೆತಂತೆ ಮನೆ ನಾಗಿಯನ್ನು ಮರೆಯುತ್ತದೆ. ಎರಡೂ ಒಂದೇ ಜಾತಿಯ ಮರೆವು.

ಒಂದು ಕೊರತೆಯನ್ನೂ ಹೇಳಬೇಕು. ನಿತ್ಯದ ಚಿಕ್ಕ ಚಿಕ್ಕ ಇಲ್ಲಗಳಿಗಿಂತ ಕೊನೆಯ ರಾತ್ರಿಯ ದೊಡ್ಡ ಭಯಕ್ಕೆ ಚಿತ್ರ ಹೆಚ್ಚು ಒಲಿಯುತ್ತದೆ. ದ್ವೀಪದವರನ್ನು ಸೋಲಿಸುವುದು ಹುಲಿಯಲ್ಲ. ತೀರಿದ ಉಪ್ಪು, ನೆನೆದ ಬೆಂಕಿಪೊಟ್ಟಣ, ನಡುರಾತ್ರಿಯ ಜ್ವರ. ಈ ಲೆಕ್ಕ ಇನ್ನಷ್ಟು ಬಿಚ್ಚಿಕೊಂಡಿದ್ದರೆ ನಾಗಿಯ ಗೆಲುವಿನ ತೂಕ ನಮಗೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು.

ಈ ಲೆಕ್ಕವನ್ನು ಬಾಳಿ ತೋರಿಸಿದವರು ಅದೇ ಹಿನ್ನೀರಿನ ತುಮರಿ ಕಡೆಯ ಜನ. ಅಡಿಕೆಯೂ ಇತ್ತು, ಗದ್ದೆಯೂ ಇತ್ತು. ಆದರೂ ದಶಕಗಳ ಕಾಲ ಸಾಗರದ ಪೇಟೆಗೆ, ಆಸ್ಪತ್ರೆಗೆ ಹೋಗಬೇಕಾದರೆ ಲಾಂಚಿಗಾಗಿ ಕಾದರು. ಅವರು ಬೇಡಿದ್ದು ತಮ್ಮ ಸ್ವಾವಲಂಬನೆಗೆ ಹೊಗಳಿಕೆಯನ್ನಲ್ಲ, ಒಂದು ಸೇತುವೆಯನ್ನು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ, ಅಣೆಕಟ್ಟು ಮುಗಿದ 61 ವರ್ಷಗಳ ಮೇಲೆ.

ತನ್ನ ಕಾಲ ಮೇಲೆ ತಾನು ನಿಲ್ಲುವುದು ಒಳ್ಳೆಯ ಗುಣವೇ. ಆದರೆ ಬೇಕೆಂದಾಗ ಹೋಗಿ ಬರುವ ದಾರಿಯಿದ್ದವನಿಗೆ ಮಾತ್ರ ಅದು ಗುಣ. ದಾರಿಯನ್ನೇ ಕಳೆದುಕೊಂಡವನಿಗೆ ಅದು ಗತಿ. ಹಳ್ಳಿಯ ನೀರು ಕುಡಿದು, ಮುಳುಗಿದ ಊರಿನ ಬೆಳಕಿನಲ್ಲಿ ಪತ್ರಿಕೆ ಓದುವ ನಾವು ದ್ವೀಪದವರಿಗೆ ಸ್ವಾವಲಂಬನೆಯ ಪಾಠ ಹೇಳುವ ಮುನ್ನ 'ದ್ವೀಪ'ವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.