‘ತಲ್ವಾರ್’: ಕೊಲೆಯ ಮನೆ, ಹೊರಗಿನ ನಾವು

ಮೇಘನಾ ಗುಲ್ಜಾರ್ ನಿರ್ದೇಶಿಸಿದ ‘ತಲ್ವಾರ್’ ತೆರೆಕಂಡದ್ದು 2015ರ ಅಕ್ಟೋಬರಿನಲ್ಲಿ. ಅದರ ಚಿತ್ರಕಥೆಗೆ ವಿಶಾಲ್ ಭಾರದ್ವಾಜ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ತನಿಖಾಧಿಕಾರಿಯಾಗಿ ಇರ್ಫಾನ್ ಖಾನ್, ಹೆತ್ತವರಾಗಿ ಕೊಂಕಣಾ ಸೇನ್ ಶರ್ಮ ಮತ್ತು ನೀರಜ್ ಕಬಿ ಅಭಿನಯಿಸಿದ್ದ ಈ ಚಿತ್ರವನ್ನು ಅಂದು ಎಲ್ಲರೂ ಮೆಚ್ಚಿದರು. ಇಂದು ಅದನ್ನು ಮತ್ತೆ ನೋಡುವುದಕ್ಕೆ ಬೇರೆಯೇ ಕಾರಣವಿದೆ. ನಾಲ್ಕು ಗೋಡೆಗಳ ನಡುವೆ ಒಂದು ಕೊಲೆಯಾದಾಗ ಹೊರಗಿರುವ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಚಿತ್ರ ನಮ್ಮಲ್ಲಿ ಅಪರೂಪ. ಹಾಗೆ ತೋರಿಸುತ್ತ ಹೋದ ಚಿತ್ರ ಕೊನೆಗೆ ತಾನೂ ಅದೇ ತಪ್ಪು ಮಾಡಿತು ಎಂಬುದು ನನ್ನ ವಾದ.

ಚಿತ್ರದ ಹಿಂದಿರುವುದು ನೋಯ್ಡಾದ ಆರುಷಿ–ಹೇಮರಾಜ್ ಜೋಡಿ ಕೊಲೆ. 2008ರ ಮೇ 16ರ ಬೆಳಿಗ್ಗೆ ಜಲವಾಯು ವಿಹಾರದ ಫ್ಲಾಟೊಂದರಲ್ಲಿ, ದಂತವೈದ್ಯ ದಂಪತಿಯ ಒಬ್ಬಳೇ ಮಗಳು ಆರುಷಿ ತನ್ನ ಕೋಣೆಯಲ್ಲಿ ಶವವಾಗಿ ಸಿಕ್ಕಳು. ಆಕೆಗೆ ಇನ್ನೂ ಹದಿನಾಲ್ಕು ತುಂಬಲು ಕೆಲವೇ ದಿನ ಬಾಕಿಯಿತ್ತು. ಮನೆಗೆಲಸದ ಹೇಮರಾಜ್ ಕಾಣಿಸಲಿಲ್ಲ. ಅಲ್ಲಿಗೆ ಕಥೆ ಮುಗಿಯಿತು ಎಂದು ಎಲ್ಲರೂ ತಿಳಿದರು. ನೇಪಾಳದವನು, ಆಳು, ಓಡಿಹೋಗಿದ್ದಾನೆ, ಇನ್ನೇನು ಬೇಕು? ಪೊಲೀಸರು ಅವನ ತಲೆಗೆ 20,000 ರೂಪಾಯಿ ಬಹುಮಾನ ಘೋಷಿಸಿದರು. ಹುಡುಕಲು ಹೊರಟ ತಂಡಕ್ಕೆ ನೇಪಾಳದ ದಿಕ್ಕು ತೋರಿಸಲಾಯಿತು. ಮರುದಿನ ಆ ಮನೆಗೆ ಬಂದಿದ್ದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರ ಕಣ್ಣಿಗೆ ರಕ್ತದ ಕಲೆಗಳು ಬಿದ್ದವು. ತಾರಸಿಯ ಬಾಗಿಲಿನ ಬೀಗ ಒಡೆದರೆ ಹೇಮರಾಜನ ಶವ ಅಲ್ಲೇ ಬಿದ್ದಿತ್ತು. ಹಿಂದಿನ ದಿನ ಬೀಗದ ಕೈ ಸಿಗಲಿಲ್ಲವೆಂದು ಪೊಲೀಸರು ಆ ಬಾಗಿಲನ್ನು ಬಿಟ್ಟು ಹೋಗಿದ್ದರು.

ಈ ಪ್ರಕರಣದಲ್ಲಿ ಸಾರ್ವಜನಿಕರು ಕೊಟ್ಟ ಮೊದಲ ತೀರ್ಪು ಒಬ್ಬ ಕೊಲೆಯಾದವನ ಮೇಲೆ ಎಂಬುದನ್ನು ನಾವು ಮರೆಯಬಾರದು. ಇಡೀ ಒಂದು ದಿನ ದೇಶ ಹಂತಕನೆಂದು ಬೈದದ್ದು, ತಲೆಯ ಮೇಲೆ ಹೊಡೆಸಿಕೊಂಡು ಸತ್ತು ಬಿದ್ದಿದ್ದ ನಲವತ್ತೈದರ ಆಸುಪಾಸಿನ ಒಬ್ಬ ಸಂಸಾರಸ್ಥನನ್ನು. ಅದಾದ ಮೇಲಾದರೂ ನಾವು ನಾಲಿಗೆ ಬಿಗಿಹಿಡಿಯಬೇಕಿತ್ತು. ಹಾಗಾಗಲಿಲ್ಲ. ತೋರುಬೆರಳು ತಾರಸಿಯಿಂದ ಇಳಿದು ಮಲಗುವ ಕೋಣೆಯತ್ತ ತಿರುಗಿತು. ಮೇ 23ರಂದು ತಂದೆಯ ಬಂಧನವಾಯಿತು. ಅಂದು ಪತ್ರಿಕಾಗೋಷ್ಠಿಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಸತ್ತ ಹುಡುಗಿಯ ನಡತೆಯ ಬಗ್ಗೆಯೂ ಮಾತಾಡಿದರು, ಅವಳ ಹೆಸರನ್ನೂ ತಪ್ಪಾಗಿ ‘ಶ್ರುತಿ’ ಎಂದರು. ಕೊಲೆಯಾದ ಮಗುವಿನ ಹೆಸರೇ ಗೊತ್ತಿಲ್ಲದವರಿಗೆ ಅವಳ ಮನಸ್ಸಿನ ಒಳಗು ಗೊತ್ತಿತ್ತು! ‘ತಲ್ವಾರ್’ ಚಿತ್ರದಲ್ಲಿ ಹುಡುಗಿಯ ಹೆಸರು ಶ್ರುತಿ.

ಆಮೇಲೆ ಶುರುವಾದದ್ದು ಮುಖ ಓದುವ ಕೆಲಸ. ತಾಯಿ ಟಿ.ವಿ. ಸಂದರ್ಶನದಲ್ಲಿ ಕಣ್ಣೀರು ಹಾಕಲಿಲ್ಲ ಎಂಬುದು ಮನೆಮನೆಯ ಮಾತಾಯಿತು. ಹೆತ್ತ ಕರುಳಾಗಿದ್ದರೆ ಹೀಗೆ ಕೂತು ಮಾತಾಡುತ್ತಿದ್ದಳೇ ಎಂದು ಕೇಳಿದವರು ಬಹಳ. ಅತ್ತಿದ್ದರೆ ನಾಟಕ ಎನ್ನುತ್ತಿದ್ದರು. ಸಾವಿನ ಮನೆಗಳಿಗೆ ಹೋಗಿ ಬಂದ ಎಲ್ಲರಿಗೂ ಇದು ಗೊತ್ತು: ಎದೆ ಬಡಿದುಕೊಂಡು ಅಳುವವರಿದ್ದಾರೆ, ಕಲ್ಲಾಗಿ ಕೂರುವವರಿದ್ದಾರೆ, ಬಂದವರಿಗೆ ಕಾಫಿ ಆಯಿತೇ ಎಂದು ವಿಚಾರಿಸುತ್ತ ಓಡಾಡುವವರೂ ಇದ್ದಾರೆ. ನಮ್ಮ ಮನೆಯ ಸಾವಿನಲ್ಲಿ ಇದನ್ನೆಲ್ಲ ಸಹಜವೆಂದು ಒಪ್ಪುತ್ತೇವೆ. ಪರದೆಯ ಮೇಲಿನ ತಾಯಿಗೆ ಮಾತ್ರ ಒಂದೇ ಬಗೆಯ ದುಃಖಕ್ಕೆ ಅನುಮತಿ. ‘ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ’ ಎಂಬ ಗಾದೆ ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬರುತ್ತದೆ. ಹೊಗೆ ಎಬ್ಬಿಸುತ್ತಿರುವವರು ಯಾರು ಎಂದು ಯಾರೂ ಕೇಳುವುದಿಲ್ಲ.

‘ತಲ್ವಾರ್’ನ ನಿಜವಾದ ಸಾಧನೆ ಈ ಹೊಗೆಯ ಮೂಲವನ್ನು ತೋರಿಸಿದ್ದು. ಶವ ಇನ್ನೂ ಮನೆಯಲ್ಲಿರುವಾಗಲೇ ನೆಂಟರು, ನೆರೆಯವರು, ವರದಿಗಾರರು ಕೋಣೆಯಿಂದ ಕೋಣೆಗೆ ಅಲೆಯುತ್ತಾರೆ. ಸಾಕ್ಷ್ಯ ಅವರ ಚಪ್ಪಲಿಯಡಿ ಸಿಕ್ಕಿ ಅಳಿಯುತ್ತದೆ. ಗಜರಾಜ್ ರಾವ್ ಅಭಿನಯಿಸಿದ ಸ್ಥಳೀಯ ಇನ್‌ಸ್ಪೆಕ್ಟರ್ ದುಷ್ಟನೇನಲ್ಲ. ತನ್ನ ಕೆಲಸದಲ್ಲಿ ಆಸಕ್ತಿ ಕಳೆದುಕೊಂಡ, ನಾವೆಲ್ಲ ಯಾವುದಾದರೊಂದು ಠಾಣೆಯಲ್ಲಿ ಕಂಡಿರುವ ಮನುಷ್ಯ. ಚಿತ್ರ ಅವನನ್ನು ರಾಕ್ಷಸನನ್ನಾಗಿ ಮಾಡದೆ ಅವನ ಉದಾಸೀನವನ್ನಷ್ಟೇ ಹತ್ತಿರದಿಂದ ತೋರಿಸುತ್ತದೆ. ಮನೆಯೊಂದರ ಸರ್ವನಾಶಕ್ಕೆ ಅಷ್ಟೇ ಸಾಕಾಯಿತು ಎಂದು ನಮಗೆ ಮನವರಿಕೆಯಾಗುತ್ತದೆ.

ಒಂದೇ ರಾತ್ರಿಯನ್ನು ಚಿತ್ರ ಬೇರೆ ಬೇರೆಯಾಗಿ ಕಟ್ಟುತ್ತದೆ. ಪೊಲೀಸರ ಪ್ರಕಾರ ಒಂದು, ಆಮೇಲೆ ಬಂದ ಕೇಂದ್ರ ತನಿಖಾ ಸಂಸ್ಥೆಯ ಮೊದಲ ತಂಡದ ಪ್ರಕಾರ ಇನ್ನೊಂದು, ಎರಡನೆಯ ತಂಡದ ಪ್ರಕಾರ ಮತ್ತೊಂದು. ಅದೇ ಹಾಸಿಗೆ, ಅದೇ ಬಾಗಿಲು, ಅದೇ ನಟರು. ಆಯುಧ ಹಿಡಿದ ಕೈ ಮಾತ್ರ ಬೇರೆ. ಒಂದು ದೃಶ್ಯವಂತೂ ಬಹಳ ಕಾಲ ಕಾಡುತ್ತದೆ. ಎರಡೂ ತಂಡಗಳು ಒಂದು ಕೋಣೆಯಲ್ಲಿ ಎದುರುಬದುರು ಕೂತು ವಾದಕ್ಕಿಳಿಯುತ್ತವೆ. ಆ ಸಂಸ್ಥೆಯ ನಿವೃತ್ತ ಮುಖ್ಯಸ್ಥನ ಪಾತ್ರದಲ್ಲಿ ನಮ್ಮ ಬೆಂಗಳೂರಿನ ರಂಗಕರ್ಮಿ ಪ್ರಕಾಶ್ ಬೆಳವಾಡಿ ಅಲ್ಲಿದ್ದಾರೆ. ಒಂದು ತಂಡ ತನ್ನ ಸಿದ್ಧಾಂತ ಮಂಡಿಸುತ್ತಿದ್ದರೆ ಇನ್ನೊಂದು ತಂಡ ನಗುತ್ತದೆ, ನಗು ಕೋಣೆಯಲ್ಲಿ ಹರಡುತ್ತದೆ. ಸತ್ತ ಮಗು, ಸತ್ತ ಕೆಲಸದವನು ಇಬ್ಬರೂ ಅಲ್ಲಿ ಯಾರಿಗೂ ನೆನಪಿಲ್ಲ. ಗೆಲ್ಲಬೇಕಾದದ್ದು ತಮ್ಮ ತಮ್ಮ ಕಥೆ. ಪೊಲೀಸ್ ವ್ಯವಸ್ಥೆಯ ಬಗ್ಗೆ, ಅದರ ಕಥೆಗಳನ್ನು ದಿನವೂ ಹಂಚಿಕೊಂಡ ನಮ್ಮ ಬಗ್ಗೆ, ಇದಕ್ಕಿಂತ ಕಟುವಾದ ಟೀಕೆ ಬೇಕಿಲ್ಲ.

ಆದರೆ ಚಿತ್ರದ ತಕ್ಕಡಿ ಎಲ್ಲ ಕಥೆಗಳನ್ನೂ ಒಂದೇ ರೀತಿ ತೂಗುವುದಿಲ್ಲ. ಹೆತ್ತವರೇ ಕೊಂದರು ಎಂಬ ಕಥೆಯನ್ನು ಹಾಸ್ಯಾಸ್ಪದವಾಗುವಂತೆ ಕಟ್ಟಿದ್ದಾರೆ. ಕೆಲಸದವರು ಕೊಂದರು ಎಂಬ ಕಥೆಯನ್ನು ನಂಬುವ ಹಾಗೆ, ಬೆವರು ಭಯ ಸಮೇತ ಕಟ್ಟಿದ್ದಾರೆ. ಆ ಕಥೆಯನ್ನು ಹೇಳುವವರು ಇರ್ಫಾನ್ ಖಾನ್. ಅವರ ಕಣ್ಣನ್ನು ನಂಬದಿರುವುದು ಕಷ್ಟ. ಚಿತ್ರಮಂದಿರದಿಂದ ಹೊರಬಂದ ಪ್ರೇಕ್ಷಕನಲ್ಲಿ ಅನುಮಾನ ಉಳಿಯಲಿಲ್ಲ, ಹೊಸ ಅಪರಾಧಿ ಸಿಕ್ಕಿದ್ದ.

ವಾಸ್ತವದಲ್ಲಿ ಏನಾಗಿತ್ತು? 2008ರ ಜೂನಿನಲ್ಲಿ ತನಿಖೆ ವಹಿಸಿಕೊಂಡ ಸಿಬಿಐ, ದಂಪತಿಗೂ ಅವರ ಪರಿಚಯಸ್ಥರಿಗೂ ಕೆಲಸ ಮಾಡಿಕೊಂಡಿದ್ದ ಮೂವರನ್ನು ಬಂಧಿಸಿತು. ಕಾನೂನು ಕೊಟ್ಟ ಅವಧಿಯಲ್ಲಿ ಅವರ ಮೇಲೆ ಆರೋಪಪಟ್ಟಿ ಸಲ್ಲಿಸಲಾಗಲಿಲ್ಲ, ಅವರು ಹೊರಬಂದರು. ನಮ್ಮಲ್ಲಿ ಬಿ ರಿಪೋರ್ಟ್ ಎನ್ನುವಂಥ ಮುಕ್ತಾಯ ವರದಿಯನ್ನು ಸಿಬಿಐ 2010ರ ಡಿಸೆಂಬರಿನಲ್ಲಿ ಕೋರ್ಟಿಗೆ ಕೊಟ್ಟಾಗಲೂ ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದೇ ಹೇಳಿತು. ಯಾವ ನ್ಯಾಯಾಲಯದಲ್ಲೂ ಅವರ ವಿಚಾರಣೆ ನಡೆಯಲಿಲ್ಲ. ಆದರೂ ಸಿನಿಮಾ ಅವರ ಕೈಗೆ ಆಯುಧ ಕೊಟ್ಟಿತು. ಹೆಸರು ಬದಲಾಯಿಸಿದರೆ ಏನು ಬಂತು? ಯಾರ ಪಾತ್ರ ಯಾರೆಂದು ಪ್ರೇಕ್ಷಕರೆಲ್ಲರಿಗೂ ಗೊತ್ತಿತ್ತು. ದಂಪತಿಯ ಪರವಾಗಿ ಮಾತಾಡಲು ವಕೀಲರಿದ್ದರು, ಬಂಧುಗಳಿದ್ದರು, ಪತ್ರಕರ್ತರಿದ್ದರು. ಇರುವುದು ಸರಿಯೇ, ಯಾರಿಗಾದರೂ ಇರಬೇಕಾದದ್ದೇ. ಆ ಮೂವರ ಪರವಾಗಿ ಸಿನಿಮಾ ಮಾಡುವವರು ಯಾರು?

ಇಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಆ ಮೂವರಲ್ಲೊಬ್ಬನ ಮಂಪರು ಪರೀಕ್ಷೆ ನಡೆದದ್ದು ನಮ್ಮ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರ ಕೈಯಲ್ಲಿ. ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಆಡಿಸಿದ ಮಾತಿನ ವಿಡಿಯೊ ಆಮೇಲೆ ಟಿ.ವಿ.ಗಳಿಗೆ ಸೋರಿತು. ನಾಲಿಗೆ ತೊದಲುತ್ತ, ಕಣ್ಣು ಮುಚ್ಚಿಕೊಂಡು ಮಲಗಿದ ಬಡವನೊಬ್ಬನನ್ನು ದೇಶ ಊಟ ಮಾಡುತ್ತ ನೋಡಿತು, ತಪ್ಪೊಪ್ಪಿಗೆ ಎಂದು ಕರೆಯಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ ಗುರಿಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ‘ತಲ್ವಾರ್’ ಬಂದದ್ದು ಅದಾಗಿ ಐದು ವರ್ಷದ ಮೇಲೆ. ಪೊಲೀಸರ ಒರಟುತನವನ್ನು ಪ್ರಶ್ನಿಸುವ ಚಿತ್ರ, ನಾಯಕನ ಕೈಗೆ ಬಂದ ಈ ವಿಧಾನವನ್ನು ಮಾತ್ರ ನಿಜ ಹೊರಗೆಡಹುವ ದಾರಿಯೆಂಬಂತೆ ಬಳಸಿಕೊಳ್ಳುತ್ತದೆ. ಇದು ಅದರ ಅತಿದೊಡ್ಡ ದೋಷ.

ಹೆತ್ತವರ ಮೇಲೆ ನಡೆದದ್ದೂ ಕಡಿಮೆಯದಲ್ಲ. 2011ರ ಜನವರಿಯಲ್ಲಿ ಗಾಜಿಯಾಬಾದ್ ಕೋರ್ಟಿನ ಆವರಣದಲ್ಲೇ ಯುವಕನೊಬ್ಬ ತಂದೆಯ ಮುಖಕ್ಕೆ ಮಚ್ಚು ಬೀಸಿದ. ಅದರ ಮುಂದಿನ ತಿಂಗಳು ಕೋರ್ಟು ಸಿಬಿಐನ ಮುಕ್ತಾಯ ವರದಿಯನ್ನು ಒಪ್ಪದೆ, ದಂಪತಿಯನ್ನೇ ಆರೋಪಿಗಳೆಂದು ಕರೆಸಿತು. 2013ರ ನವೆಂಬರಿನಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಕಣ್ಣಾರೆ ಕಂಡ ಸಾಕ್ಷಿಯಿರಲಿಲ್ಲ. ಸಾಂದರ್ಭಿಕ ಸಾಕ್ಷ್ಯವೇ ಆಧಾರ. ಮನೆಯೊಳಗಿದ್ದವರು ಅವರೇ, ಹಾಗಾಗಿ ಉತ್ತರ ಕೊಡಬೇಕಾದವರೂ ಅವರೇ ಎಂಬುದು ತರ್ಕ. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಸಾಕ್ಷ್ಯದ ಸರಪಳಿ ಪೂರ್ಣವಾಗಿಲ್ಲ, ಹೊರಗಿನವರು ಬಂದಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು. ಚದುರಿದ ಸಂಗತಿಗಳನ್ನು ಸಿನಿಮಾ ನಿರ್ದೇಶಕನಂತೆ ಒಂದು ಕಥೆಯಾಗಿ ಹೊಂದಿಸಲು ಕೆಳಗಿನ ನ್ಯಾಯಾಧೀಶರು ಹೊರಟಿದ್ದಾರೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಅದು ಒಬ್ಬ ನ್ಯಾಯಾಧೀಶರಿಗೆ ಮಾತ್ರವಲ್ಲ, 2008ರಿಂದ ಮಾತಾಡಿದ ನಮ್ಮೆಲ್ಲರಿಗೂ ಅನ್ವಯಿಸುವ ಮಾತು.

ಆ ತೀರ್ಪು ಬಂದ ದಿನವೂ ಕೇಳಿಬಂದ ಪ್ರಶ್ನೆ ಒಂದೇ: ‘ಹಾಗಾದರೆ ಕೊಂದವರು ಯಾರು?’ ಪ್ರಶ್ನೆ ನ್ಯಾಯವಾದದ್ದೇ. ಇಬ್ಬರು ಸತ್ತಿದ್ದಾರೆ, ಉತ್ತರ ಸಿಗಬೇಕು. ಹೇಮರಾಜನ ಹೆಂಡತಿ ಅದೇ ಉತ್ತರಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರಿಗೆ ಆ ಹಕ್ಕು ಪೂರ್ತಿಯಾಗಿ ಇದೆ. ಆದರೆ ಉತ್ತರ ಬೇಕೆನ್ನುವುದು ಬೇರೆ, ಸಿಕ್ಕ ಉತ್ತರವನ್ನು ಹಿಡಿದುಕೊಂಡು ಮೆರೆಯುವುದು ಬೇರೆ. ಮೊದಲ ದಿನವೇ ತನಿಖೆ ಸರಿಯಾಗಿ ನಡೆಯಬೇಕೆಂದು ಒತ್ತಾಯಿಸಿದ್ದರೆ ಸಾರ್ವಜನಿಕ ಆಕ್ರೋಶ ಸಾರ್ಥಕವಾಗುತ್ತಿತ್ತು. ಕೊಲೆ ನಡೆದ ಕೋಣೆಗೆ ಊರವರನ್ನು ಯಾಕೆ ಬಿಟ್ಟಿರಿ, ತಾರಸಿಯ ಬಾಗಿಲನ್ನು ಯಾಕೆ ತೆರೆಯಲಿಲ್ಲ, ಆರೋಪಿಯ ವಿಡಿಯೊ ಟಿ.ವಿ.ಗೆ ಹೇಗೆ ಹೋಯಿತು ಎಂದು ಅದೇ ಆವೇಶದಿಂದ ಕೇಳಬೇಕಿತ್ತು. ನಾವು ಕೇಳಿದ್ದು ತಾಯಿ ಯಾಕೆ ಅಳಲಿಲ್ಲ ಎಂದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೇ. ‘ತಲ್ವಾರ್’ ಅರ್ಧದಾರಿಯವರೆಗೆ ಈ ವಿವೇಕದ ಜೊತೆಗಿದೆ. ಪ್ರಭುತ್ವ ಹೇಗೆ ಕಥೆ ಕಟ್ಟುತ್ತದೆ ಎಂಬುದನ್ನು ಅದು ಬಿಚ್ಚಿ ತೋರಿಸುವ ಭಾಗ ನಮ್ಮ ಪೊಲೀಸ್ ತರಬೇತಿ ಶಾಲೆಗಳಲ್ಲಿ, ಪತ್ರಿಕೋದ್ಯಮದ ತರಗತಿಗಳಲ್ಲಿ ತೋರಿಸಬೇಕಾದಷ್ಟು ಬೆಲೆಯುಳ್ಳದ್ದು. ಉಳಿದರ್ಧದಲ್ಲಿ ಅದು ತನ್ನದೇ ಕಥೆಗೆ ಮನಸೋತು, ದುರ್ಬಲರ ಮೇಲೆ ತೀರ್ಪು ಬರೆದಿದೆ. ಮುಂದೆ ಇಂಥ ಪ್ರಕರಣವನ್ನು ಕೈಗೆತ್ತಿಕೊಳ್ಳುವ ಲೇಖಕ, ನಿರ್ದೇಶಕರಿಂದ ನಾನು ಬಯಸುವುದು ಇಷ್ಟು: ಉಳ್ಳವರಿಗೆ ತೋರಿಸಿದ ಅನುಮಾನದ ಲಾಭವನ್ನು ಇಲ್ಲದವರಿಗೂ ತೋರಿಸಿ. ಓದುಗ, ಪ್ರೇಕ್ಷಕರಾದ ನಮ್ಮ ಪಾಲಿಗೂ ಒಂದು ಕೆಲಸವಿದೆ. ನಾಳೆ ಇನ್ನೊಂದು ಮನೆಯ ಬಾಗಿಲಲ್ಲಿ ಕ್ಯಾಮೆರಾಗಳು ಸೇರಿದಾಗ, ಬಂಧನವಾದವನು ಇನ್ನೂ ಆರೋಪಿ ಮಾತ್ರ ಎಂದು ನೆನಪಿಟ್ಟು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಧೈರ್ಯ ಮಾಡಬೇಕು.