ಕೊಬ್ಬಿಸುವ ಹಂದಿಗೆ ಇಷ್ಟೊಂದು ತಾಮ್ರವೇಕೆ?

ಅಡಿಕೆ ತೋಟದವರಿಗೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಪರಿಚಯ ಮಾಡಿಕೊಡಬೇಕಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅದೇ ನೀಲಿ ಹರಳು ಹಲವು ದೇಶಗಳಲ್ಲಿ ಹಂದಿಯ ಆಹಾರಕ್ಕೂ ಬೆರೆಯುತ್ತದೆ. ಇಂಗ್ಲೆಂಡಿನ ಶಿನ್‌ಫೀಲ್ಡ್‌ನಲ್ಲಿ ರಾಫೆಲ್ ಬ್ರೌಡೆ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪದ್ಧತಿಗೆ ದಾರಿ ಮಾಡಿಕೊಟ್ಟವು. ಕಿಲೋ ಆಹಾರಕ್ಕೆ 250 ಮಿಲಿಗ್ರಾಂ ತಾಮ್ರ ಸೇರಿಸಿದರೆ ಹಂದಿ ಬೇಗ ಬೆಳೆಯುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅದು ನಿಜವೂ ಹೌದು. ಆದರೆ ಆ ಬೆಳವಣಿಗೆಗೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಪದ್ಧತಿಯನ್ನು ಮೆಚ್ಚುವಂತಿಲ್ಲ.

ಕೊಬ್ಬಿಸುವ ಕೊನೆಯ ಹಂತದ ಹಂದಿಯ ದೇಹಕ್ಕೆ ಬೇಕಾದ ತಾಮ್ರ ಕಿಲೋ ಆಹಾರಕ್ಕೆ ಮೂರು ಮಿಲಿಗ್ರಾಂ ಆಸುಪಾಸು. ಮೆಕ್ಕೆಜೋಳ, ಸೋಯಾ ಹಿಂಡಿಯಲ್ಲೇ ಅದು ಬಹುಮಟ್ಟಿಗೆ ಸಿಗುತ್ತದೆ. ಅದರ ಎಂಬತ್ತು ಪಟ್ಟು ಕೊಟ್ಟರೆ ಅದನ್ನು ಪೋಷಣೆ ಎನ್ನಲಾಗದು. ಕರುಳಿನ ಸೂಕ್ಷ್ಮಾಣುಗಳನ್ನು ಹತ್ತಿಕ್ಕುವ ಔಷಧ ಎನ್ನಬೇಕು. ಹಾಲು ಬಿಡಿಸಿದ ಮರಿಗಳಿಗೆ ಈ ಔಷಧದಿಂದ ಉಪಕಾರವಿದೆ. ತಾಯಿಯನ್ನು ಅಗಲಿ, ಹೊಸ ಆಹಾರಕ್ಕೆ ಒಗ್ಗದೆ ಭೇದಿಗೆ ಬೀಳುವ ವಯಸ್ಸು ಅದು. ಅರವತ್ತು ಕಿಲೋ ದಾಟಿದ ಹಂದಿಯ ಕರುಳು ಆ ಹೊತ್ತಿಗೆ ಪಕ್ವವಾಗಿರುತ್ತದೆ. ತಾಮ್ರದಿಂದ ಸಿಗುವ ಲಾಭ ಈ ಹಂತದಲ್ಲಿ ಇಳಿಯುತ್ತದೆ. ತಿನ್ನುವ ಆಹಾರ ಮಾತ್ರ ಈ ಹಂತದಲ್ಲೇ ಅತಿ ಹೆಚ್ಚು.

ಲೆಕ್ಕ ಹಾಕಿ ನೋಡಿ. ಅರವತ್ತರಿಂದ ನೂರಹತ್ತು ಕಿಲೋಗೆ ಏರಲು ಹಂದಿಯೊಂದು ಸುಮಾರು 150 ಕಿಲೋ ಆಹಾರ ತಿನ್ನುತ್ತದೆ. ಕಿಲೋಗೆ 250 ಮಿಲಿಗ್ರಾಂ ಬೆರೆಸಿದ್ದರೆ ಅದರೊಂದಿಗೆ 37.5 ಗ್ರಾಂ ತಾಮ್ರ ಒಳಹೋಗುತ್ತದೆ. ಮೈಲುತುತ್ತದ ಲೆಕ್ಕದಲ್ಲಿ 150 ಗ್ರಾಂ. ಅದರಲ್ಲಿ ಮೈಗೆ ಹತ್ತುವುದು ಅತ್ಯಲ್ಪ, ಉಳಿದದ್ದೆಲ್ಲ ಸಗಣಿಗೆ. ಶೇಕಡ ಒಂದರ ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ ಬೇಕು. ಅಂದರೆ ಏಳು ಹಂದಿಗಳ ಗೊಬ್ಬರದ ಜೊತೆ ಹೆಚ್ಚುಕಡಿಮೆ ಅಷ್ಟೇ ತಾಮ್ರ ಹೊಲ ಸೇರುತ್ತದೆ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಅಂಥ ಹೊಲದಲ್ಲಿ ಕುರಿ ಮೇಯಿಸುವವರಂತೂ ಹೆದರಲೇಬೇಕು. ಹಂದಿ ತಡೆದುಕೊಳ್ಳುವ ತಾಮ್ರದ ಸಣ್ಣ ಪಾಲೂ ಕುರಿಯ ಯಕೃತ್ತಿಗೆ ವಿಷ.

ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. 2002ರಲ್ಲಿ ಹೆನ್ರಿಕ್ ಹಾಸ್ಮನ್ ಮತ್ತು ಫ್ರಾಂಕ್ ಆರೆಸ್ಟ್ರಪ್ ಡೆನ್ಮಾರ್ಕಿನ ಹಂದಿಗಳ ಎಂಟರೊಕಾಕಸ್ ಬ್ಯಾಕ್ಟೀರಿಯಾದಲ್ಲಿ ತಾಮ್ರವನ್ನು ಸಹಿಸುವ ಜೀನ್ ಒಂದನ್ನು ಗುರುತಿಸಿದರು. ಅದು ಕೂತಿದ್ದ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನಲ್ಲೇ ವ್ಯಾಂಕೊಮೈಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದಂತೆ ಮಾಡುವ ಜೀನ್‌ಗಳೂ ಇದ್ದವು. ಆ್ಯಂಟಿಬಯಾಟಿಕ್ ನಿಲ್ಲಿಸಿ ತಾಮ್ರ ಮುಂದುವರಿಸಿದರೂ ಔಷಧ ನಿರೋಧಕ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳಬಹುದು ಎಂಬುದು ಇದರ ಅರ್ಥ. 2006ರಲ್ಲಿ ಯುರೋಪ್ ಬೆಳವಣಿಗೆಗೆ ಕೊಡುವ ಆ್ಯಂಟಿಬಯಾಟಿಕ್‌ಗಳನ್ನು ನಿಷೇಧಿಸಿದ ಮೇಲೆ ತಾಮ್ರವನ್ನು ನಿರಪಾಯದ ಬದಲಿ ಎಂದು ಹೊಗಳಿದವರು ಇದನ್ನು ಗಮನಿಸಬೇಕಿತ್ತು.

ಐರೋಪ್ಯ ಒಕ್ಕೂಟದ 2018ರ ನಿಯಮ ಹಂದಿಯ ವಯಸ್ಸು ನೋಡಿ ತಾಮ್ರ ಇಳಿಸುವ ವಿವೇಕವನ್ನು ತೋರಿದೆ. ಹಾಲು ಬಿಡಿಸಿ ನಾಲ್ಕು ವಾರದವರೆಗಿನ ಮರಿಗಳಿಗೆ ಕಿಲೋ ಆಹಾರಕ್ಕೆ 150 ಮಿಲಿಗ್ರಾಂ, ಎಂಟನೆಯ ವಾರದವರೆಗೆ 100, ಆ ಬಳಿಕ ಒಟ್ಟು 25. ಅಗತ್ಯವಿದ್ದಾಗ ಔಷಧ, ಅಗತ್ಯ ಮುಗಿದಾಗ ಬರೀ ಆಹಾರ: ಸರಿಯಾದ ಕ್ರಮ ಇದೇ. 25 ಕೂಡ ಹಂದಿಯ ಅಗತ್ಯಕ್ಕೆ ಧಾರಾಳವೇ.

ಕೊಡಗು, ಮಲೆನಾಡಿನಲ್ಲಿ ಹಂದಿ ಸಾಕುವವರು ಖನಿಜ ಮಿಶ್ರಣ ಕೊಳ್ಳುವಾಗ ಚೀಟಿಯ ಮೇಲೆ ತಾಮ್ರದ ಪ್ರಮಾಣ ಓದಬೇಕು. ಇಲ್ಲಿನ ಅಡಿಕೆ, ಕಾಫಿ ತೋಟಗಳ ಮಣ್ಣು ದಶಕಗಳಿಂದ ಬೋರ್ಡೋ ದ್ರಾವಣದ ತಾಮ್ರ ಉಂಡಿದೆ. ಅದೇ ಮಣ್ಣಿಗೆ ಹಂದಿಗೊಬ್ಬರದ ಮೂಲಕ ಮತ್ತಷ್ಟು ಸುರಿಯುವುದಕ್ಕೆ, ಕೊನೆಯ ಹಂತದ ಚೂರುಪಾರು ತೂಕ ಸಾಕಾದ ಕಾರಣವಲ್ಲ.